ಶಿರಾಳಕೊಪ್ಪ ಬರುವ ಮೊದಲು

ಕೆಲವು ವಿವರಗಳು ತಪ್ಪಿರಬಹುದು. ಕಳೆದ ಭಾನುವಾರದ ಮಾತೇ ಆದರೂ. ನನ್ನ ನೆನಪಿನಲ್ಲಿ ಆ ಬೆಳಿಗ್ಗೆ ರಸ್ತೆಯ ತುಂಬ ಮಂಜು. ಚಿಕ್ಕಮ್ಮ ಬಿಸಿಲಿತ್ತು ಅನ್ನುತ್ತಾಳೆ. ಯಾರನ್ನು ನಂಬುತ್ತೀರಿ?

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಹೆದ್ದಾರಿ ನಿಮಗೆ ಗೊತ್ತಲ್ಲ. (ರಾಜ್ಯದ ನಕಾಶೆಯಲ್ಲಿ ಉಗುರಿನಷ್ಟೂ ಇಲ್ಲ.) ಸ್ಟೇರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ಚಿಕ್ಕಮ್ಮ. ಹಿಂದಿನ ಸೀಟಿನಲ್ಲಿ ಅವಳ ಮಗಳು ಸುಮಾ. ನಾಗರಪಂಚಮಿಗೆ ತವರಿಗೆ ಬಂದವಳು ದೀಪಾವಳಿ ಕಳೆದರೂ ಸೊರಬದ ಗಂಡನ ಮನೆಗೆ ಮರಳಿರಲಿಲ್ಲ. ಅವತ್ತು ಚಿಕ್ಕಮ್ಮ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಇಟ್ಟು ಅವಳ ಮಡಿಲು ತುಂಬಿ ಕಾರು ಹತ್ತಿಸಿದ್ದಳು.

ಎರಡೂ ಕಡೆ ಭತ್ತದ ಗದ್ದೆಗಳು ತೇಲುತ್ತಿದ್ದವು. ಕಾರು ಓಡುತ್ತಿದೆಯೋ, ನಾವು ನಿಂತು ರಸ್ತೆಯೇ ಹಿಂದಕ್ಕೆ ಹರಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಎಲ್ಲಿಗೂ ತಲುಪದೆ ಹೀಗೇ ಹೋಗುತ್ತಿದ್ದರೆ ಸಾಕು ಅನ್ನಿಸಿತ್ತು.

"ರೋಡ್ ಎಷ್ಟ್ ಅಗ್ಲ ಮಾಡ್ಯಾರ ನೋಡು," ಅಂದಳು ಚಿಕ್ಕಮ್ಮ.

"ಆ ಮನೆಯವ್ರ ಮನಸ್ಸಿಗೂ ಒಂದ್ ಟೆಂಡರ್ ಕರೀಬೇಕಿತ್ತು," ಅಂದಳು ಸುಮಾ.

ನಾನು ನಕ್ಕೆ. ಚಿಕ್ಕಮ್ಮ ನಗಲಿಲ್ಲ.

ಶಿರಾಳಕೊಪ್ಪ ಇನ್ನೂ ಬಂದಿರಲಿಲ್ಲ. ಸುಮಾ ಮುಂದಕ್ಕೆ ಬಾಗಿ, "ಅಕ್ಕಾ, ಗಾಡಿ ತಿರುಗ್ಸು. ನಾ ಹೋಗಲ್ಲ," ಅಂದಳು.

"ಮಡ್ಲು ತುಂಬಿಸ್ಕೊಂಡಾಕಿ ಅರ್ಧ ದಾರಿಂದ ತವರಿಗೆ ವಾಪಸ್ ಬರಬಾರ್ದು ಕಣೇ. ಮನಿಗೆ ಒಳ್ಳೇದಲ್ಲ."

"ಅಲ್ಲಿಗೆ ಹೋದ್ರೆ ನಂಗೆ ಒಳ್ಳೇದಾ ಅವ್ವಾ? ಉಣ್ಣಾಕ್ ಕೂತ್ರೆ ತಟ್ಟೆ ನೋಡ್ತಾರೆ. ನಿಂಗೆ ಫೋನ್ ಮಾಡಿದ್ರೆ ಬಾಗ್ಲಲ್ಲಿ ಬಂದ್ ನಿಲ್ತಾರೆ."

ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿದಳು.

ನಾನು ಕಾರು ತಿರುಗಿಸಿದೆ. ಸುಮಾ ಬಾಯಿ ಬಿಡುವ ಮೊದಲೇ ನಾನು ಇಂಡಿಕೇಟರ್ ಹಾಕಿದ್ದೆನಂತೆ. ಇದು ಚಿಕ್ಕಮ್ಮನ ಆರೋಪ. ಇರಬಹುದೇ? ನನ್ನ ಕೈಗಳ ಬಗ್ಗೆ ನಾನು ಪ್ರಮಾಣ ಮಾಡಲಾರೆ.

ಹಿಂದಿರುಗುವ ದಾರಿಯಲ್ಲಿ ಅದೇ ಗದ್ದೆಗಳು ನಮ್ಮ ಜೊತೆ ತೇಲಿಬಂದವು. ಶಿಕಾರಿಪುರದಲ್ಲಿ ತನ್ನ ಮನೆ ಮುಂದೆ ಚಿಕ್ಕಮ್ಮ ಒಬ್ಬಳೇ ಇಳಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಅಲ್ಲ, ಮೆಲ್ಲಗೆ.

ಸುಮಾ ಈಗ ನಮ್ಮ ಮನೆಯಲ್ಲಿದ್ದಾಳೆ. ಇಲ್ಲೇ, ತವರಿನಿಂದ ಎರಡು ಓಣಿ ಆಚೆ. ಚಿಕ್ಕಮ್ಮ ದಿನಾ ಅವಳಿಗೆ ಇಷ್ಟದ ಪಲ್ಯ ಮಾಡಿ ಡಬ್ಬಿಯಲ್ಲಿ ಕಳಿಸುತ್ತಾಳೆ. ತಾನು ಬರುವುದಿಲ್ಲ. ನಿನ್ನೆ ಫೋನಿನಲ್ಲಿ ನಾನು ಅವಳನ್ನು ಕೇಳಿದೆ:

"ಚಿಕ್ಕಮ್ಮಾ, ಖಾಲಿ ಡಬ್ಬಿ ಕೊಡೋಕೆ ಸುಮಾನೇ ಬಂದ್ರೆ ಬಾಗ್ಲು ತೆಗೀತೀಯಾ?"