ಹಾರದೆ ಉಳಿದ ಡ್ರೋನ್

ವಿಮಾನ ನಿರ್ವಹಣಾ ಎಂಜಿನಿಯರ್ ಹುದ್ದೆಯಿಂದ ನಾನು ನಿವೃತ್ತನಾದ ಮರುವರ್ಷದ ಮಾತು ಇದು. ಮುಂಬಯಿ ವಿಮಾನ ನಿಲ್ದಾಣದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಲೈನ್ ಮೆಂಟೆನೆನ್ಸ್ ಮಾಡಿದವನು ನಾನು. ಅಂದರೆ, ವಿಮಾನ ಬಂದಿಳಿದು ಮತ್ತೆ ಹೊರಡುವ ನಡುವಿನ ಹೊತ್ತಿನಲ್ಲಿ ಅದನ್ನು ಪರೀಕ್ಷಿಸಿ, ಹಾರಲು ಯೋಗ್ಯವೆಂದು ಸಹಿ ಹಾಕುವ ಕೆಲಸ. ಬೆನ್ನು, ಮೊಣಕಾಲು, ಅರ್ಧ ಕಿವಿ ಎಲ್ಲವನ್ನೂ ಅಲ್ಲೇ ಕಳೆದುಕೊಂಡು ಬಂದಿದ್ದೆ. ಇನ್ನು ವಡಾಲದ ಮನೆಯಲ್ಲಿ ಪೇಪರ್ ಓದಿಕೊಂಡು ಇರೋಣವೆಂದುಕೊಂಡಿದ್ದಾಗ, ಪವಾಯಿ ಕಡೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನವರು ತಮ್ಮ ಹ್ಯಾಕಥಾನ್‌ಗೆ ತೀರ್ಪುಗಾರನಾಗಿ ಬರಬೇಕೆಂದು ಕರೆದರು.

ಹ್ಯಾಕಥಾನ್ ಎಂದರೆ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು, ಎರಡು ದಿನಗಳಲ್ಲಿ ಹೊಸದೊಂದು ಸಾಧನ ತಯಾರಿಸಿ ತೋರಿಸುವ ಸ್ಪರ್ಧೆ. ಈ ಸಲದ ವಿಷಯ ವಿಮಾನಯಾನ. ಹಣ ಹಾಕಿದ್ದು ಒಂದು ಡ್ರೋನ್ ಕಂಪನಿ. ಗೆದ್ದ ತಂಡದಲ್ಲಿ ಕೊನೆಯ ವರ್ಷದವರಿದ್ದರೆ ಅವರನ್ನು ನೇರವಾಗಿ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಕಂಪನಿ ಹೇಳಿತ್ತು.

ಮೊದಲ ದಿನ ಬೆಳಿಗ್ಗೆ ಭಾಷಣಗಳು. ನನಗಿಂತ ಮೊದಲು ಮಾತಾಡಿದವರೆಲ್ಲ ಆಕಾಶವನ್ನೇ ಬದಲಿಸಿಬಿಡಿ ಎಂದು ಮಕ್ಕಳಿಗೆ ಕರೆ ಕೊಟ್ಟರು. ಕೇಳಿ ಕೇಳಿ ನನಗೆ ಸುಸ್ತಾಯಿತು. ನನ್ನ ಸರದಿ ಬಂದಾಗ ನಾನು ಸ್ಪ್ಯಾನರ್ ಬಗ್ಗೆ ಮಾತಾಡಿದೆ. ನಮ್ಮ ಟೂಲ್ ಬಾಕ್ಸಿನಲ್ಲಿ ಪ್ರತಿಯೊಂದು ಉಪಕರಣಕ್ಕೂ ಅದರದೇ ಆಕಾರದ ಗುಂಡಿ ಕೊರೆದ ಫೋಮ್ ಇರುತ್ತದೆ. ಕೆಲಸ ಮುಗಿದ ಮೇಲೆ ಒಂದು ಗುಂಡಿ ಖಾಲಿ ಉಳಿದರೆ ಆ ಉಪಕರಣ ಸಿಗುವ ತನಕ ವಿಮಾನ ಕದಲುವಂತಿಲ್ಲ. ಒಳಗೆ ಜನ ಕೂತು ಗೊಣಗುತ್ತಿದ್ದರೂ, ಕ್ಯಾಪ್ಟನ್ ಗಡಿಯಾರ ನೋಡಿಕೊಳ್ಳುತ್ತಿದ್ದರೂ ಅಷ್ಟೇ. ಕಾಣದ ಸ್ಪ್ಯಾನರ್ ವಿಮಾನದೊಳಗೇ ಇದೆಯೆಂದು ಭಾವಿಸಿ ನಡೆಯಬೇಕು. ಮಕ್ಕಳು ಮೊಬೈಲ್ ನೋಡುತ್ತಿದ್ದರು. ಯಾರ ಕಿವಿಗೂ ಬೀಳಲಿಲ್ಲವೆಂದುಕೊಂಡು ಚಹಾ ಕುಡಿಯಲು ಹೋದೆ.

ಮಧ್ಯಾಹ್ನ ಮೇಜುಗಳ ಸುತ್ತು. ಮೂಲೆಯ ಮೇಜಿನಲ್ಲಿ ಇಬ್ಬರೇ ಇದ್ದ ಒಂದು ತಂಡ. ಸಿಡಿಲು ಬಡಿದ ವಿಮಾನದ ಮೈಮೇಲಿನ ಸಣ್ಣ ಸುಟ್ಟ ಗುರುತುಗಳನ್ನು ಕ್ಯಾಮೆರಾದಿಂದ ಹುಡುಕುವ ಡ್ರೋನ್ ಅವರದು. ಮಳೆಗಾಲದಲ್ಲಿ ಟಾರ್ಚ್ ಹಿಡಿದು, ಏಣಿ ಹತ್ತಿ ಆ ಗುರುತುಗಳನ್ನು ಹುಡುಕಿಯೇ ನನ್ನ ಮೊಣಕಾಲು ಹೋದದ್ದು. ಹಾಗಾಗಿ ನಿಂತು ನೋಡಿದೆ.

ತಂಡದ ನಾಯಕಿ ದೀಕ್ಷಾ, ಮೂರನೆಯ ವರ್ಷದ ಹುಡುಗಿ. ಅವಳ ಅಪ್ಪ ಕಾರ್ಕಳದವರು, ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರ್. ನಾನೂ ಉಡುಪಿ ಕಡೆಯವನೆಂದು ತಿಳಿದದ್ದೇ, "ಸರ್, ನಂದು ಕನ್ನಡ ಥೋಡಾ ಟೂಟಾ-ಫೂಟಾ, ಚಲೇಗಾ?" ಎಂದಳು. ಹರಕುಮುರುಕು ಕನ್ನಡ, ನಡೆಯುತ್ತದೆಯೇ ಎಂದು. ಜೊತೆಗಿದ್ದ ಸಮೀರ್ ಕೊನೆಯ ವರ್ಷದವನು. ಮನೆಯವರು ವಿಜಯಪುರದಿಂದ ಬಂದು ಕುರ್ಲಾದಲ್ಲಿ ಸ್ಕೂಟರ್ ಗ್ಯಾರೇಜ್ ನಡೆಸುತ್ತಾರೆ. ಎರಡು ವರ್ಷದ ಸ್ನೇಹದಲ್ಲಿ ಇಬ್ಬರೂ ಹಿಂದಿಯಲ್ಲೇ ಮಾತಾಡಿಕೊಂಡಿದ್ದರಂತೆ. ಒಬ್ಬರ ಕನ್ನಡ ಇನ್ನೊಬ್ಬರು ಕೇಳಿ ಇಬ್ಬರೂ ನಕ್ಕರು.

"ಮೂರು ಕಂಪನಿ ಇಂಟರ್‌ವ್ಯೂ ಆದ್ವು ಸರ, ಒಂದೂ ಹತ್ತಲಿಲ್ಲ. ಇದೊಂದು ಆದ್ರ ನಮ್ಮ ಅಬ್ಬಾಗ ಜೀವಕ್ಕ ಸಮಾಧಾನ ಆಗತೈತ್ರಿ" ಎಂದ ಸಮೀರ್. ಮೇಜಿನ ಮೇಲೆ ಡ್ರೋನ್ ಪ್ಯಾಕ್ ಆಗಿ ಬಂದಿದ್ದ ಥರ್ಮಕೋಲ್ ಹಲಗೆಯಿತ್ತು. ದೀಕ್ಷಾ ಅದರಲ್ಲಿ ಬ್ಲೇಡಿನಿಂದ ಗುಂಡಿಗಳನ್ನು ಕೊರೆದು ಸ್ಕ್ರೂಡ್ರೈವರ್, ಇಕ್ಕುಳ, ಕತ್ತರಿ ಎಲ್ಲವನ್ನೂ ಜೋಡಿಸಿಟ್ಟಿದ್ದಳು. ಅಂತೂ ಒಬ್ಬಳು ಕೇಳಿಸಿಕೊಂಡಿದ್ದಳು. ಬಹಳ ದಿನಗಳ ಮೇಲೆ ನನಗೆ ಖುಷಿಯಾಯಿತು.

ಎರಡನೆಯ ದಿನ ಫೈನಲ್. ಸಭಾಂಗಣದ ಅರ್ಧಕ್ಕೆ ನೈಲಾನ್ ಬಲೆ ಕಟ್ಟಿ, ಅದರೊಳಗೆ ಡ್ರೋನ್ ಹಾರಿಸುವ ವ್ಯವಸ್ಥೆ ಮಾಡಿದ್ದರು. ಬಲೆಯಾಚೆ ಮೊದಲ ಸಾಲಿನಲ್ಲೇ ಮಕ್ಕಳು ಕೂತಿದ್ದರು. ತೀರ್ಪುಗಾರರು ಮೂವರು: ಕಾಲೇಜಿನ ಒಬ್ಬ ಪ್ರೊಫೆಸರಮ್ಮ, ಡ್ರೋನ್ ಕಂಪನಿಯ ಒಬ್ಬ ತರುಣ ಅಧಿಕಾರಿ, ನಾನು. ಪ್ರತಿ ತಂಡಕ್ಕೂ ಹತ್ತೇ ನಿಮಿಷ. ಎಲ್ಲರೂ ಹ್ಯಾಕಥಾನಿನ ಟೀ ಶರ್ಟ್ ಹಾಕಿಕೊಂಡೇ ವೇದಿಕೆಗೆ ಬರಬೇಕೆಂದು ಆಯೋಜಕರು ಹಟ ಹಿಡಿದಿದ್ದರು. ಫೋಟೊ ಚೆನ್ನಾಗಿ ಬರಬೇಕಲ್ಲ.

ದೀಕ್ಷಾ ತಮ್ಮ ಯೋಜನೆಯನ್ನು ಅಚ್ಚುಕಟ್ಟಾಗಿ ವಿವರಿಸಿದಳು. ಡ್ರೋನನ್ನು ಬಲೆಯೊಳಗೆ ಇಟ್ಟು ಬಂದಳು. ರಿಮೋಟ್ ಎತ್ತಿಕೊಂಡವಳು ಅಭ್ಯಾಸವೆಂಬಂತೆ, ವೇದಿಕೆಯ ಮೇಜಿಗೆ ತಂದಿಟ್ಟಿದ್ದ ಥರ್ಮಕೋಲಿನ ಕಡೆ ನೋಡಿ ನಿಂತುಬಿಟ್ಟಳು. ಒಂದು ಗುಂಡಿ ಖಾಲಿಯಿತ್ತು. ಆಲನ್ ಕೀ, ಅಂದರೆ ಆರು ಮೂಲೆಯ ಸ್ಕ್ರೂ ತಿರುಗಿಸುವ, ಕಿರುಬೆರಳಿನಷ್ಟುದ್ದದ ಬಾಗಿದ ಕಬ್ಬಿಣದ ಕಡ್ಡಿ, ಇರಲಿಲ್ಲ.

ಇಬ್ಬರೂ ಮೇಜಿನ ಮೇಲೆ, ಕೆಳಗೆ, ಬ್ಯಾಗಿನಲ್ಲಿ ತಡಕಾಡಿದರು. ಸಮೀರ್ ತನ್ನ ಪ್ಯಾಂಟಿನ ಕಿಸೆಗಳನ್ನು ಹೊರಗೆಳೆದು ನೋಡಿದ. ಡ್ರೋನಿನ ಹೊಟ್ಟೆ ಬಿಚ್ಚಿ ನೋಡೋಣವೆಂದರೆ ಅದಕ್ಕೆ ಆ ಕೀಯೇ ಬೇಕು. ಪಕ್ಕದ ತಂಡದವರ ಕೀ ತಂದರೆ ಅಳತೆ ಹೊಂದಲಿಲ್ಲ. ಮುಚ್ಚಳ ಬಿಗಿದ ಮೇಲೆ ಕೀ ಪಕ್ಕದ ಕಿಂಡಿಯಿಂದ ಒಳಗೆ ಜಾರಿದ್ದು, ಹಾರುವಾಗ ಅಲುಗಾಡಿ ಬ್ಯಾಟರಿಯ ತಂತಿಗಳಿಗೆ ತಾಗಿದರೆ ಬೆಂಕಿಯೇಳಬಹುದು. ಬಲೆ ಬೆಂಕಿಯನ್ನು ತಡೆಯುವುದಿಲ್ಲ.

"ಉಡಾ ನಾ ದೀಕ್ಷಾ, ಕಹೀಂ ಗಿರಾ ಹೋಗಾ" ಎಂದ ಸಮೀರ್. ಎಲ್ಲೋ ಬಿದ್ದಿರುತ್ತದೆ, ನೀನು ಹಾರಿಸು ಎಂದು.

ಕಂಪನಿಯ ಅಧಿಕಾರಿ ನನ್ನ ಕಡೆ ತಿರುಗಿ, "ನೀವು ಒಂದು ಮಾತು ಹೇಳಿ ಸರ್, ಹಾರಿಸ್ತಾರೆ" ಎಂದ. ನಿಜ, ನಾನು ತಲೆಯಾಡಿಸಿದ್ದರೆ ಅವಳು ಹಾರಿಸುತ್ತಿದ್ದಳು. ಸಮೀರ್ ನನ್ನನ್ನೇ ನೋಡುತ್ತಿದ್ದ. ಆ ಹುಡುಗನ ಮುಖ ನೋಡಲಾಗದೆ ನಾನು ಥರ್ಮಕೋಲನ್ನು ನೋಡಿದೆ. "ರಿಮೋಟ್ ಅವಳ ಕೈಯಲ್ಲಿದೆ, ತೀರ್ಮಾನವೂ ಅವಳದೇ" ಎಂದೆ.

"ಹಾರಿಸಲ್ಲ ಸರ್" ಎಂದು ದೀಕ್ಷಾ ರಿಮೋಟನ್ನು ಮೇಜಿನ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಹತ್ತು ನಿಮಿಷ ಮುಗಿದ ಗಂಟೆ ಬಾರಿಸಿತು.

ತೀರ್ಪುಗಾರರ ಕೋಣೆಯಲ್ಲಿ ನಾನು ನನ್ನ ಕೈಲಾದಷ್ಟು ವಾದಿಸಿದೆ. ವಿಮಾನಯಾನದ ಸ್ಪರ್ಧೆಯಲ್ಲಿ ವಿಮಾನಯಾನದವರಂತೆ ನಡೆದುಕೊಂಡವರು ಆ ಇಬ್ಬರೇ ಎಂದೆ. ಪ್ರೊಫೆಸರಮ್ಮನಿಗೂ ಬೇಸರವಾಗಿತ್ತು. ಆದರೆ, "ಹಾರಿಸದೇ ಇದ್ದದ್ದಕ್ಕೆ ಅಂಕ ಕೊಡೋಕೆ ಕಾಲಂ ಇಲ್ಲವಲ್ಲ ಸರ್" ಎಂದರು. ಗೆದ್ದ ತಂಡದ ಡ್ರೋನ್ ಚೆನ್ನಾಗಿಯೇ ಹಾರಿತ್ತು. ನಾನೂ ಫಲಿತಾಂಶಕ್ಕೆ ಸಹಿ ಹಾಕಿದೆ.

ಬಹುಮಾನ ವಿತರಣೆ ಮುಗಿದು ಕ್ಯಾಂಟೀನಿನ ಬಳಿ ನಿಂತಿದ್ದೆ. ಸಮೀರ್ ನಿಧಾನವಾಗಿ ಬಂದು ಅಂಗೈ ತೆರೆದ. ಆಲನ್ ಕೀ ಅಲ್ಲಿತ್ತು.

"ಅಂಗಿ ಕಿಸೇದಾಗ ಇತ್ರಿ ಸರ. ಕಡೀ ಸ್ಕ್ರೂ ಬಿಗಿ ಮಾಡಿ ಇಟ್ಕೊಂಡೀನಿ, ಗ್ಯಾರೇಜಿನ ರೂಢಿ. ಮ್ಯಾಲೆ ಅವರು ಕೊಟ್ಟ ಟೀ ಶರ್ಟ್ ಹಾಕ್ಕೊಂಡುಬಿಟ್ಟೆ. ಈಗ ತಗದಾಗ ಸಿಕ್ತು."

ಹಿಂದೆಯೇ ಬಂದಿದ್ದ ದೀಕ್ಷಾ ಅದನ್ನು ನೋಡಿ ಬಿಳಿಚಿಕೊಂಡಳು. "ಮತ್ಲಬ್, ಹಾರಿಸಬಹುದಿತ್ತು ಅಲ್ವಾ ಸರ್?"

"ಹಾರಿಸಬಹುದಿತ್ತು ಅಂತ ಈಗ ಗೊತ್ತಾಯ್ತು ಮಗಾ. ಆಗ ಗೊತ್ತಿರಲಿಲ್ಲ."

ಸಮೀರ್ ಆ ಕಡ್ಡಿಯನ್ನು ಪವಾಯಿ ಕೆರೆಗೆ ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಮಾಡದೆ ತಂದು ತೋರಿಸಿದ ಹುಡುಗ ಅವನು. ಇದನ್ನೇ ಕಂಪನಿಯ ಅಧಿಕಾರಿಗೂ ಹೇಳಿ, ಇಂಥವನನ್ನು ಬಿಡಬೇಡಿ ಎಂದೆ. "ರೆಸ್ಯೂಮೆ ಕಳಿಸಲಿ ಸರ್, ನೋಡೋಣ" ಎಂದ. ಸಮೀರ್ ಕಳಿಸಿದ. ಉತ್ತರ ಬರಲಿಲ್ಲ.

ಫೈನಲ್ ಮುಗಿದ ಆ ಸಂಜೆ ಕಾಂಜೂರ್‌ಮಾರ್ಗ್‌ನಿಂದ ಮೂವರೂ ಒಂದೇ ಲೋಕಲ್ ರೈಲು ಹತ್ತಿದ್ದೆವು. ಕುರ್ಲಾದಲ್ಲಿ ಸಮೀರ್ ಮನೆಗೆ ಹೊರಟ. ದೀಕ್ಷಾಳ ಮನೆಯೂ ವಡಾಲದಲ್ಲೇ ಇದ್ದುದರಿಂದ ನಾವಿಬ್ಬರು ಹಾರ್ಬರ್ ಲೈನಿನ ಪ್ಲಾಟ್‌ಫಾರ್ಮಿಗೆ ಸೇತುವೆ ಹತ್ತಿದೆವು. ಸರ್ ಎನ್ನುತ್ತಿದ್ದವಳು ಅಲ್ಲಿ ಅಂಕಲ್ ಎಂದಳು. "ಅಂಕಲ್, ನನಗೆ ಇನ್ನೂ ಒಂದು ವರ್ಷ ಇದೆ. ಅವನದ್ದು ಜಾಬ್ ಹೋಯ್ತಲ್ಲ, ನನ್ನಿಂದ." ಅವಳ ಕಣ್ಣು ತುಂಬಿತ್ತು. ನನ್ನ ಪಾಠ ಕೇಳಿದ್ದರಿಂದಲೇ ಆ ಇಬ್ಬರು ಸೋತಿದ್ದರು.

ನಾನು ತಡೆದು ನಿಲ್ಲಿಸಿದ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಏನೂ ಆಗಿರಲಿಲ್ಲ ಎಂದು ಅವಳಿಗೆ ಹೇಳಿದೆ. ಕಾಣೆಯಾದ ಟಾರ್ಚ್ ಯಾರದೋ ಲಾಕರಿನಲ್ಲಿ ಸಿಗುತ್ತಿತ್ತು, ತಡವಾದದ್ದಕ್ಕೆ ನಾನು ಬೈಸಿಕೊಳ್ಳುತ್ತಿದ್ದೆ. ಏನೂ ಆಗಲಿಲ್ಲವೆಂದು ಥ್ಯಾಂಕ್ಸ್ ಹೇಳಲು ಯಾವ ಪ್ರಯಾಣಿಕನೂ ಫೋನ್ ಮಾಡಲಿಲ್ಲ. ನಾವು ಮಾಡಿದ್ದು ಸರಿ ಎಂಬುದಕ್ಕೆ ನಮ್ಮ ಕೆಲಸದಲ್ಲಿ ಪುರಾವೆ ಸಿಗುವುದಿಲ್ಲ, ಪುರಾವೆ ಇಲ್ಲದೆಯೇ ದಿನಾ ಸರಿಯಾಗಿ ಮಾಡಬೇಕು. ಆ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಗಾಡಿ ಬಂತು, ಹತ್ತಿದೆವು.

ಕೆಲವು ತಿಂಗಳ ಮೇಲೆ ಸಮೀರ್ ಫೋನ್ ಮಾಡಿದ. ಮದುವೆ ಮನೆಗಳ ಚಿತ್ರೀಕರಣಕ್ಕೆ ಡ್ರೋನ್ ಬಾಡಿಗೆ ಕೊಡುವ ದಾದರಿನ ಒಂದು ಸಣ್ಣ ಅಂಗಡಿಯಲ್ಲಿ ರಿಪೇರಿ ಕೆಲಸ ಸಿಕ್ಕಿತ್ತು. ಅವನು ಬಯಸಿದ್ದ ಕೆಲಸ ಅದಲ್ಲ.

"ಇಲ್ಲಿ ಟೂಲ್ ಎಣಸೋ ಪದ್ಧತಿ ಇಲ್ರಿ ಸರ. ನಾ ಥರ್ಮಕೋಲ್ ಕೊರದು ಇಟ್ಟೀನಿ. ಒಂದು ಕಮ್ಮಿ ಆದ್ರ ಡ್ರೋನ್ ಕೊಡಂಗಿಲ್ಲ ಅಂತೀನಿ. ಎಲ್ಲಾರೂ ನಗತಾರ." ಆಮೇಲೆ ಅವನೇ ಕೇಳಿದ, "ಎಷ್ಟು ದಿನ ನಗತಾರ್ರಿ, ಸರ?"

"ನಾನು ರಿಟೈರ್ ಆಗೋ ದಿನದವರೆಗೂ ನಕ್ಕಿದ್ದಾರಪ್ಪ" ಎಂದೆ.