ಉಪ್ಪುನೀರಿನ ಚಕ್ರ

ಆ ಇಳಿಜಾರು ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವಳು ಚಕ್ರದಕ್ಕ. ಸೈಕಲ್ ಅಂಗಡಿಯ ಮನೆಗೆ ಸೊಸೆಯಾಗಿ ಬಂದವಳು ಸ್ಪ್ಯಾನರ್ ಹಿಡಿದಳು ಎಂದು ಮೊದಮೊದಲು ಮೂಗು ಮುರಿದವರೇ ಈಗ, ಬೇರೆ ಕಡೆ ಬೆಂಡು ತೆಗೆಸಿದ ಚಕ್ರವನ್ನೂ ತಂದು ಅವಳಿಗೊಮ್ಮೆ ತೋರಿಸಿಕೊಂಡು ಹೋಗುತ್ತಾರೆ. ಕೆಲಸ ಕಲಿಸಿದವರು ಮಾವ. ಎಂಟು ವರ್ಷದಿಂದ ಅವರಿಗೆ ಕಣ್ಣು ಕಾಣದು. ಆದರೂ ಒಂಬತ್ತಕ್ಕೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಬಂದು ಕೂತರೆ ಮುಗಿಯಿತು. ಚಕ್ರದ ಕಡ್ಡಿ ಮೀಟಿದ ಸದ್ದು ಕೇಳಿಯೇ ಯಾವುದು ಸಡಿಲ, ಯಾವುದು ಬಿಗಿ ಎಂದು ಹೇಳುವ ಆಸಾಮಿ.

ಮಾವನ ಹೆಸರು ನಿಂತಿದ್ದು ಒಂದು ಗುಟ್ಟಿನ ಮೇಲೆ. ಚಕ್ರದ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ತಿರುಪು ಇರುತ್ತದಲ್ಲ, ಅಂಗಡಿಯವರು ನಿಪ್ಪಲ್ ಎನ್ನುವುದು, ಅದರೊಳಗೆ ಹೋಗುವ ಕಡ್ಡಿಯ ತುದಿಯನ್ನು ಅವರು ಉಪ್ಪುನೀರಿನಲ್ಲಿ ಅದ್ದಿ ಕಟ್ಟುತ್ತಿದ್ದರು. ತಿಂಗಳೊಳಗೆ ತುಕ್ಕು ಹಿಡಿದು ತಿರುಪು ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಎಂಥ ಗುಂಡಿ ಹಾರಿಸಿದರೂ ಸಡಿಲವಾಗುತ್ತಿರಲಿಲ್ಲ. ತುಕ್ಕೇ ಬೀಗ ಎನ್ನುತ್ತಿದ್ದರು. ಸೊಸೆಗೂ ಅದನ್ನೇ ಕಲಿಸಿದ್ದರು. ಅಂಗಡಿಗೆ ಇನ್ನೊಂದು ಕಟ್ಟಳೆಯೂ ಇತ್ತು: ಹೊಸದಾಗಿ ಕಟ್ಟಿದ ಚಕ್ರದ ಮೇಲೆ ಮೊದಲು ಮನೆಯವರೇ ಕೂತು ಇಳಿಜಾರು ಇಳಿದು ತೋರಿಸಬೇಕು, ಗಿರಾಕಿ ಆಮೇಲೆ.

ಮಾವನ ಮಗ, ಅಂದರೆ ಅವಳ ಗಂಡ, ಮಾತ್ರ ಅಂಗಡಿಯೊಳಗೆ ಕಾಲಿಡುತ್ತಿರಲಿಲ್ಲ. ಮದುವೆಯಾದ ವರ್ಷವೇ, ಅಪ್ಪ ಎಂದೋ ಕಟ್ಟಿಕೊಟ್ಟಿದ್ದ ಹಳೆಯ ಸೈಕಲ್ಲಿನಲ್ಲಿ ಇದೇ ಇಳಿಜಾರಿನ ತಿರುವಿನಲ್ಲಿ ಬಿದ್ದು ತೊಡೆ ಮುರಿದುಕೊಂಡ. ಕಾಲು ಕುಂಟಾಯಿತು. ಚಕ್ರವೇ ಕೈಕೊಟ್ಟಿತು ಎಂದು ಅವನು ಹೇಳಿದ್ದಕ್ಕೆ ಅಪ್ಪ ಹತ್ತು ಜನರ ಎದುರು, ಕುಣಿಯಲಾರದವ ನೆಲ ಡೊಂಕು ಅಂದನಂತೆ ಎಂದುಬಿಟ್ಟರು. ಆ ಮಾತು ಮನೆಯಲ್ಲೇ ಬೀಡುಬಿಟ್ಟಿತು. ಹಾಲು ಉಕ್ಕಿದರೂ ಅಂಗಿಯ ಗುಂಡಿ ಕಿತ್ತುಬಂದರೂ ಚಕ್ರದಕ್ಕನೇ ಗಂಡನಿಗೆ ಅದನ್ನು ಎಷ್ಟು ಸಲ ಅಂದಿದ್ದಳೋ ಲೆಕ್ಕವಿಲ್ಲ. ಹತ್ತೊಂಬತ್ತು ವರ್ಷ! ಅವನು ನಕ್ಕುಬಿಡುತ್ತಿದ್ದ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ, ಮಧ್ಯಾಹ್ನ ಊಟದ ಡಬ್ಬಿ ತಂದು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದ.

ಅವತ್ತು ಹತ್ತೂವರೆಗೆ ನಾದಿನಿ ಸೈಕಲ್ ತಳ್ಳಿಕೊಂಡು ಬಂದಳು. ಅವಳು ಅಂಚೆ ಹಂಚುವವಳು. ಬೆಳಗಿನ ಚೀಲ ಮುಗಿಸುವಷ್ಟರಲ್ಲಿ ಮುಂದಿನ ಚಕ್ರದ ಎರಡು ಕಡ್ಡಿ ಮುರಿದಿದ್ದವು. ಎರಡನೆಯ ಚೀಲ ಎರಡು ಗಂಟೆಗೆ. ಅದರ ಭಾರ ಹೊತ್ತು ಅದೇ ತಿರುವು ಇಳಿಯಬೇಕು. ಕಣ್ಣು ಹೋಗುವ ಮುಂಚೆ ಅಪ್ಪ ಮಗಳಿಗೆಂದು ಕಟ್ಟಿದ ಕೊನೆಯ ಚಕ್ರ ಅದು. ಎರಡು ಕಡ್ಡಿ ತಾನೇ, ಹಾಕಿ ಕಳಿಸು ಎಂದರು ಮಾವ, ಕಾಲ ಮೇಲೆ ಕಾಲು ಹಾಕಿಕೊಂಡು.

ಹೊಸ ಕಡ್ಡಿ ಹಾಕಿದರೆ ಅಕ್ಕಪಕ್ಕದ್ದನ್ನೂ ಸ್ವಲ್ಪ ತಿರುಗಿಸಿ ಹೊಂದಿಸಬೇಕು. ಚಕ್ರದಕ್ಕ ತಿರುಪು ಬಿಗಿಯುವ ಕೀಲಿ ಹಾಕಿ ತಿರುಗಿಸಿದಳು. ತಿರುಪು ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಕಾದಳು. ಬೆಂಕಿ ತೋರಿಸಿದಳು. ಮತ್ತೆ ಒತ್ತಿದಳು. ಟಣ್ ಎಂದು ಕಡ್ಡಿ ತುಂಡಾಗಿ ಕೆನ್ನೆಯ ಪಕ್ಕದಲ್ಲೇ ಹಾರಿತು. ನಿಧಾನ ಎಂದರು ಮಾವ. ಎರಡನೆಯದೂ ಟಣ್. ಕೀಲಿ ಸರಿಯಾಗಿ ಕೂರಿಸು ಎಂದರು. ಮೂರನೆಯದಕ್ಕೆ ಬೆಂಚಿನಿಂದ ಎದ್ದೇಬಿಟ್ಟರು.

"ಕೈ ಭಾರ ಆಗಿದೆ ನಿಂದು. ನನ್ನ ಕಾಲದಲ್ಲಿ ಒಂದೂ ಮುರೀತಿರಲಿಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ನಾದಿನಿ ಗಡಿಯಾರ ನೋಡುತ್ತ, ಅಪ್ಪ ಹೇಳಿದ ಹಾಗೆ ಮಾಡಿಬಿಡಿ ಅತ್ತಿಗೆ ಎಂದು ಗೋಗರೆದಳು. ಹೇಳಿದ ಹಾಗೆ ಮಾಡಬಹುದಿತ್ತು. ಐದು ಕಡ್ಡಿ ಹೊಸದು ಹಾಕಿ ಮೇಲುಮೇಲೆ ಬಿಗಿದು ಕಳಿಸಿದರೆ ಮಾವನ ಮಾನವೂ ಉಳಿಯುತ್ತದೆ. ಆದರೆ ತಿರುವಿನಲ್ಲಿ ಉಳಿದವು ಒಟ್ಟಿಗೆ ಮುರಿದರೆ ಹುಡುಗಿ ಕೆಳಗಿನ ಗೋಡೆಗೆ ಹೋಗಿ ಬಡಿಯುತ್ತಾಳೆ. ಇಲ್ಲವೆಂದರೆ ಉಳಿದ ಕಡ್ಡಿಗಳನ್ನೂ ಕತ್ತರಿಸಿ ಮೂವತ್ತೆರಡನ್ನೂ ಹೊಸದಾಗಿ ಕಟ್ಟಬೇಕು. ಮಾವನ ಚಕ್ರಕ್ಕೆ ಕಟ್ಟರ್ ಹಾಕಿದರಂತೆ ಎಂದು ಸಂಜೆಯೊಳಗೆ ಊರೆಲ್ಲ ಡಂಗುರ.

ಅವಳು ಮುರಿದ ತುಂಡನ್ನು ಬೆಳಕಿಗೆ ಹಿಡಿದಳು. ಆಗತಾನೆ ಮುರಿದ ಕಬ್ಬಿಣ ಬಾಯಿಯಲ್ಲಿ ಬೆಳ್ಳಗೆ ಹೊಳೆಯಬೇಕು. ಇದು ಮುಕ್ಕಾಲು ಪಾಲು ಕಪ್ಪಗಿತ್ತು. ಅಂದರೆ ಒಳಗೊಳಗೇ ಎಂದೋ ತಿಂದುಹೋಗಿದ್ದು ಇವತ್ತು ಕೈಗೆ ಬಂದಿತ್ತು. ಉಳಿದ ಎರಡನ್ನೂ ನೋಡಿದಳು. ಅವೂ ಹಾಗೇ.

"ಕೈಯ ತಪ್ಪಲ್ಲ ಮಾವ. ಉಪ್ಪು ತಿಂದಿದೆ. ಎಲ್ಲ ಕತ್ತರಿಸ್ತೀನಿ."

ಮಾವ ಅಂಗೈ ಚಾಚಿದರು. ಅವಳು ತುಂಡನ್ನು ಅಲ್ಲಿಟ್ಟಳು. ಹೆಬ್ಬೆರಳಿನಿಂದ ಮುರಿದ ಬಾಯಿಯನ್ನು ಉಜ್ಜಿ ಉಜ್ಜಿ, ಎಷ್ಟು ಕಪ್ಪು ಎಂದು ಕೇಳಿದರು. ಮುಕ್ಕಾಲು ಎಂದಳು. ಅಷ್ಟರಲ್ಲಿ ಹೊಸ್ತಿಲ ಹತ್ತಿರ ಕುಂಟು ಹೆಜ್ಜೆ ಬಂದು ನಿಂತಿತು. ಗಂಡ ಡಬ್ಬಿ ತಂದಿದ್ದ. ಆ ಹೆಜ್ಜೆಯ ಸದ್ದು ಮಾವನಿಗೂ ಕೇಳಿತು, ಮುಖ ಆ ಕಡೆ ತಿರುಗಿತು.

"ಅವತ್ತೂ ಹೀಗೇ ಇತ್ತು," ಎಂದರು. "ನೀನು ಬಿದ್ದ ದಿನ. ಕಡ್ಡಿ ಎತ್ತಿ ನೋಡಿದ್ದೆ. ನೋಡಿ ಚರಂಡಿಗೆ ಎಸೆದೆ. ಯಾವುದೋ ಒಂದು ಚಕ್ರ ಹಾಗಾಗಿರುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ನೆಲ ಡೊಂಕೇ ಇತ್ತು ಕಣೋ."

ಮೊದಲು ಸಿಡಿದವಳು ಮಗಳೇ. ಗೊತ್ತಿದ್ದೂ ನನ್ನನ್ನು ಎಂಟು ವರ್ಷ ಇದರ ಮೇಲೆ ಓಡಾಡಿಸಿದೆಯಲ್ಲ ಅಪ್ಪ ಎಂದು ಕೂಗಿದಳು. ಗಂಡ ಹೊಸ್ತಿಲಲ್ಲೇ ಡಬ್ಬಿ ಇಟ್ಟು ಕೂತ. ಚಕ್ರದಕ್ಕನಿಗೆ ಅವನ ಮುಖ ನೋಡಲಾಗಲಿಲ್ಲ. ಹಾಲು ಉಕ್ಕಿದಾಗಲೆಲ್ಲ ತಾನು ಅಂದದ್ದು ನೆನಪಾಯಿತು. ಅಳುವುದಕ್ಕೆ ಹೊತ್ತಿರಲಿಲ್ಲ, ಹನ್ನೆರಡು ಹೊಡೆದಿತ್ತು.

ಕಟ್ಟರ್ ತೆಗೆದುಕೊಂಡಳು. ಒಂದು ಬಲಕ್ಕೆ, ಒಂದು ಎಡಕ್ಕೆ, ರಿಮ್ ಸೊಟ್ಟಗಾಗದಂತೆ ಬಿಟ್ಟುಬಿಟ್ಟು ಕತ್ತರಿಸಿದಳು. ಒಂದೊಂದು ಟಣ್ ಎಂದಾಗಲೂ ಮಾವನ ಭುಜ ಮೇಲೆದ್ದು ಇಳಿಯುತ್ತಿತ್ತು. ಹೊಸ ಕಡ್ಡಿಗಳ ತುದಿಗೆ ಉಪ್ಪಿಲ್ಲ, ಎಣ್ಣೆ. ಹೆಣೆದಳು, ಬಿಗಿದಳು, ಬೆಂಡು ತೆಗೆದಳು, ಒಂದೊಂದೇ ಮೀಟಿದಳು. ಬಲಗಡೆಯದು ಕಾಲು ಸುತ್ತು ಎಂದರು ಮಾವ ಸಣ್ಣ ದನಿಯಲ್ಲಿ. ಸರಿಯಾಗಿಯೇ ಹೇಳಿದ್ದರು. ಎರಡಕ್ಕೆ ಹದಿನೈದು ನಿಮಿಷವಿರುವಾಗ ಚಕ್ರ ಸೈಕಲ್ಲಿಗೆ ಕೂತಿತು.

ಕಟ್ಟಳೆಯಂತೆ ಅವಳು ಹತ್ತಲು ಹೋದಳು. ಅಷ್ಟರಲ್ಲಿ ಗಂಡ ಎದ್ದು ಬಂದು ಹ್ಯಾಂಡಲ್ ಹಿಡಿದ.

"ನಾನು ಹೋಗ್ತೀನಿ."

"ಬೇಡ ರೀ. ಎಷ್ಟು ವರ್ಷ ಆಯ್ತು ನೀವು ಹತ್ತಿ."

"ಕಟ್ಟಿದ್ದು ನೀನು ತಾನೇ," ಎಂದು ಅವನು ಕುಂಟು ಕಾಲನ್ನು ಎತ್ತಿ ಹಾಕಿ ಹತ್ತಿಬಿಟ್ಟ. ಚಕ್ರ ಸರ್ರನೆ ಇಳಿಜಾರು ಹಿಡಿಯಿತು. ತಿರುವಿನ ಆಚೆ ಅವಳಿಗೆ ಕಾಣದು. ಮಾವನಿಗೆ ಮೊದಲೇ ಕಾಣದು. ಅವರು ಕತ್ತು ಚಾಚಿ ಕಿವಿಯಾಗಿ ಕೂತಿದ್ದರು. ಅವಳು ಎಣಿಸುತ್ತಿದ್ದಳು, ಇಪ್ಪತ್ತು, ಮೂವತ್ತು. ತಾನು ಯಾವುದಾದರೂ ಕಡ್ಡಿ ಬಿಗಿಯಲು ಮರೆತೆನೇ? ನಲವತ್ತು ದಾಟಿದ ಮೇಲೆ ಕೆಳಗಿನಿಂದ ಬೆಲ್ಲಿನ ಸದ್ದು ಬಂತು, ಎರಡು ಸಲ.

ಮಾವ ಬೆಂಚಿನ ಕೆಳಗೆ ತಡಕಾಡಿ ಉಪ್ಪುನೀರಿನ ಶೀಶೆ ಎಳೆದು ಅವಳತ್ತ ಚಾಚಿದರು. ಚರಂಡಿಗೆ ಚೆಲ್ಲು ಎಂದರು. ಚೆಲ್ಲಿ ಬಂದಳು.

"ಈಗ ಕಾಗದ ತಗೋ," ಎಂದರು. "ನನ್ನ ಚಕ್ರ ಯಾರ ಯಾರ ಮನೆಯಲ್ಲಿದೆ ಅಂತ ಹೇಳ್ತೀನಿ. ಎಲ್ಲರನ್ನೂ ಕರೆಸಿ ಕಡ್ಡಿ ಕತ್ತರಿಸು. ಮೊದಲು ಬ್ರೆಡ್ ಮಾರುವವನದು. ದಿನಾ ಮಗೂನ ಮುಂದೆ ಕೂರಿಸಿಕೊಂಡು ಹೋಗ್ತಾನೆ."

ಅವಳು ಪೆನ್ಸಿಲ್ ಹಿಡಿದಳು.

"ಅದು ನಾನು ಕಟ್ಟಿದ್ದು ಮಾವ, ಉಪ್ಪಲ್ಲಿ ಅದ್ದಿಯೇ," ಎಂದಳು, ಮತ್ತು ಬರೆದುಕೊಂಡಳು.