ನಾನು ಕೊಟ್ಟ ತಂಬಿಗೆ ನೀರು

ಮೂವತ್ತು ವರ್ಷ ಮಕ್ಕಳಿಗೆ ನೀರನ್ನು ಕುದಿಸಿ, ಆರಿಸಿ ಕುಡಿಯಬೇಕೆಂದು ಕಲಿಸಿದವಳು ನಾನು. ಪರೀಕ್ಷೆಯಲ್ಲಿ ಅದನ್ನು ಬರೆಯದವರ ಕಿವಿಯನ್ನೂ ಹಿಂಡಿದ್ದೇನೆ. ನಿವೃತ್ತಿಯಾಗಿ ದೇವದುರ್ಗ ತಾಲ್ಲೂಕಿನ ನಮ್ಮೂರಿಗೆ ಮರಳಿದ ಮೇಲೆ ಒಂದು ದಿನವೂ ಕುದಿಸಲಿಲ್ಲ. ನಲ್ಲಿಯ ನೀರು ತಿಳಿಯಾಗಿತ್ತು, ನನಗೆ ಅಷ್ಟು ಸಾಕಿತ್ತು.

ಆ ಬೇಸಿಗೆ ಊರಲ್ಲಿ ವಾಂತಿಭೇದಿ ಶುರುವಾಯಿತು. ಕುಡಿಯುವ ನೀರಿನ ಪೈಪು ಎಲ್ಲೋ ಒಡೆದು ಅದಕ್ಕೆ ಚರಂಡಿಯ ನೀರು ಸೇರಿತ್ತು. ಪಂಚಾಯಿತಿಗೆ ಹೊಸದಾಗಿ ಬಂದಿದ್ದ ಪಿಡಿಒ ಮಾನ್ವಿ ಕಡೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಚಿಕ್ಕವಳು. ಪೈಪು ಸರಿಯಾಗುವ ತನಕ ನೀರು ಕುದಿಸಿ ಕುಡಿಯಿರೆಂದು ಡಂಗುರ ಸಾರಿಸಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಮನೆಮನೆಗೆ ಹೊರಟಳು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು ಕೊಡುತ್ತೇವೆ. ಬೇಡವೆಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಅವಳು ಬೇಡವೆನ್ನಲಿಲ್ಲ. "ಕುದಿಸೀರೇನ್ರಿ?" ಎಂದು ಕೇಳುವಳು. ಇಲ್ಲವೆಂದರೆ, "ಹಂಗಾದ್ರ ಈಗ ಒಲಿ ಮ್ಯಾಗ ಇಡ್ರಿ. ಆರೋ ತನಕ ಕುಂಡ್ರತೀನಿ, ಕುಡದೇ ಹೋಗ್ತೀನಿ" ಎಂದು ಕೂತುಬಿಡುವಳು. ದಲಿತರ ಕೇರಿಯಿಂದಲೇ ಶುರು ಮಾಡಿದಳು. ಅಲ್ಲಿ ಕುಡಿದು ಬಂದವಳೆಂದು ನಮ್ಮ ಓಣಿಯವರು ಮೂಗು ಮುರಿದರು. ಮೂಗು ಮುರಿದವರ ಮನೆಗಳಲ್ಲೂ ಹಾಗೆಯೇ ಕೂತಳು. ಸರಕಾರಿ ಸಂಬಳ ತೆಗೆದುಕೊಂಡು ನೀರು ಆರುವುದನ್ನು ಕಾಯುವ ನೌಕರಿ ನೋಡಿ ನನಗೆ ನಗು ಬಂದಿತ್ತು.

ನಮ್ಮ ಮನೆಗೆ ಬಂದದ್ದು ಸುಡುವ ಮಧ್ಯಾಹ್ನ. ತಂಬಿಗೆ ಕೊಟ್ಟೆ.

"ಕುದಿಸೀರೇನ್ರಿ, ಅಕ್ಕೋರೆ?"

ಶಿಕ್ಷಕಿಯಾಗಿದ್ದ ನನ್ನನ್ನು ಇವಳು ಹೀಗೆ ಕೇಳುವುದೇ? ರೇಗಿತು. "ನನಗ ಕಲಿಸಾಕ ಬಂದೀಯೇನು? ಕುದಿಸಿದ್ದೇ ಅದ" ಎಂದೆ.

"ತಪ್ಪಾತ್ರಿ. ನಿಮ್ಮ ಮನ್ಯಾಗರ ಕೇಳಬಾರದಿತ್ತು" ಎಂದು ನಕ್ಕು ಗಟಗಟ ಕುಡಿದಳು. ತಡೆಯಲು ನನಗೆ ಸಮಯವಿತ್ತು. ತಡೆಯಲಿಲ್ಲ.

ಮೂರನೆಯ ದಿನ ಪಂಚಾಯಿತಿಯ ಸಿಪಾಯಿ ಸುದ್ದಿ ತಂದ: ಅವಳಿಗೂ ವಾಂತಿಭೇದಿ, ರಾಯಚೂರಿನ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದ್ದಾರೆ.

"ಕೇರ್ಯಾಗ ಕುಡದಿದ್ಲಲ್ಲ, ಅದಕ್ಕ ಹಿಂಗಾತು" ಎಂದು ನಮ್ಮ ಓಣಿಯ ಕಟ್ಟೆಯಲ್ಲಿ ಎಲ್ಲರೂ ಒಂದೇ ಮಾತು. ಉಳಿದ ಮನೆಗಳಲ್ಲೆಲ್ಲ ಅವಳ ಕಣ್ಣೆದುರೇ ಕುದಿಸಿದ್ದರು. ಕುದಿಸದೆ ಕೊಟ್ಟವಳು ನಾನೊಬ್ಬಳೇ. ಅದೇ ನೀರು ನನಗೇನೂ ಮಾಡಿರಲಿಲ್ಲ, ಅವಳನ್ನು ಮಲಗಿಸಿತ್ತು. ಗೊತ್ತಿದ್ದೂ ಎರಡು ದಿನ ಸುಮ್ಮನಿದ್ದೆ. ಈಗಲೂ ನನಗೆ ಹೆಚ್ಚು ನಾಚಿಕೆಯಾಗುವುದು ಆ ಎರಡು ದಿನಗಳಿಗೆ.

ಕೊನೆಗೆ ರಾಯಚೂರಿನ ಬಸ್ಸು ಹತ್ತಿದೆ. ಹಾಸಿಗೆಯಲ್ಲಿ ಅವಳು ಸೊರಗಿ ಹೋಗಿದ್ದಳು. ಎಲ್ಲ ಹೇಳಿದೆ. ಊರಲ್ಲಿ ಆಡಿಕೊಳ್ಳುವುದನ್ನೂ ಹೇಳಿದೆ.

"ನನ್ನ ಮುಂದ ಹೇಳಿದ್ರ ಏನಾತ್ರಿ, ಅಕ್ಕೋರೆ? ಮಾತು ಕೇರಿಯವರ ಮ್ಯಾಲ ಬಂದದ. ಅಲ್ಲಿ ಹೇಳ್ರಿ."

ಸಂಜೆ ಬಸ್ಸಿಳಿದು ಮೊದಲು ನಮ್ಮ ಕಟ್ಟೆಯಲ್ಲಿ ಹೇಳಿದೆ. ಆಮೇಲೆ ಕೇರಿಗೆ ಹೋಗಿ, ಅವಳು ಎಲ್ಲರಿಗಿಂತ ಮೊದಲು ಕೂತಿದ್ದ ಮನೆಯ ಮುದುಕಿಯ ಮುಂದೆ ಹೇಳಿದೆ. ಆಕೆಯ ಮೊಮ್ಮಕ್ಕಳಿಬ್ಬರೂ ದೇವದುರ್ಗದ ಶಾಲೆಯಲ್ಲಿ ನನ್ನ ಹತ್ತಿರ ಕಲಿತವರು. ಆದರೂ ಆ ಹೊಸ್ತಿಲು ನಾನು ತುಳಿದಿರಲಿಲ್ಲ.

ಮುದುಕಿ ಒಳಗೆ ಹೋಗಿ ತಂಬಿಗೆ ತಂದಿಟ್ಟಳು.

"ಕುಡೀರಿ. ಕುದಿಸಿದ್ದೇ ಅದ."

ನಾನು ಹೇಳಿದ್ದ ಮಾತೇ. ಆಕೆಯ ಬಾಯಲ್ಲಿ ಅದು ನಿಜವಾಗಿತ್ತು. ಕುಡಿದೆ.